ಸಿ ಭಾಷೆಯಲ್ಲಿ ಸ್ವಂತ ಲೈಬ್ರರಿ: ಪರೀಕ್ಷಾ ಟಿಪ್ಪಣಿ

ಸಿ ಭಾಷೆಯನ್ನು ಡೆನ್ನಿಸ್ ರಿಚಿ ಬೆಲ್ ಲ್ಯಾಬ್ಸ್‌ನಲ್ಲಿ 1972ರ ಸುಮಾರಿಗೆ ರೂಪಿಸಿದರು. ಆನ್ಸಿ ಮಾನಕ ಬಂದದ್ದು 1989ರಲ್ಲಿ. ಇಷ್ಟನ್ನು ಎಲ್ಲರೂ ಓದಿರುತ್ತಾರೆ. ಅಂಕ ಕೈತಪ್ಪುವುದು ಹೆಡರ್ ಮತ್ತು ಲೈಬ್ರರಿ ಎರಡೂ ಒಂದೇ ಎಂದುಕೊಂಡಾಗ.

ಹೆಡರ್ ಫೈಲಿನಲ್ಲಿ ಸಾಮಾನ್ಯವಾಗಿ ಇರುವುದು ಫಂಕ್ಷನ್‌ನ ಘೋಷಣೆ ಮಾತ್ರ. ಫಂಕ್ಷನ್‌ನ ನಿಜವಾದ ಕೋಡ್, ಕಂಪೈಲ್ ಆದ ರೂಪದಲ್ಲಿ, ಲೈಬ್ರರಿಯಲ್ಲಿರುತ್ತದೆ. ಪ್ರಿಂಟ್‌ಎಫ್ ಕೂಡ ಹಾಗೆಯೇ: 'ಎಸ್‌ಟಿಡಿಐಒ ಡಾಟ್ ಎಚ್' ಅದರ ಹೆಸರು, ಬಗೆಗಳನ್ನಷ್ಟೇ ತಿಳಿಸುತ್ತದೆ. ಹೆಡರನ್ನು ಸೇರಿಸುವುದು ಪ್ರಿಪ್ರೊಸೆಸರ್, ಲೈಬ್ರರಿಯನ್ನು ಜೋಡಿಸುವುದು ಲಿಂಕರ್. 'ಅನ್‌ಡಿಫೈನ್ಡ್ ರೆಫರೆನ್ಸ್' ಎಂಬ ದೋಷ ಲಿಂಕರ್‌ನದು. ಇದನ್ನು ಚೆನ್ನಾಗಿ ನೆನಪಿಡಿ.

ಲಿನಕ್ಸ್‌ನಲ್ಲಿ ಸ್ವಂತ ಲೈಬ್ರರಿ ಕಟ್ಟುವುದು ಸುಲಭ. ಜಿಸಿಸಿ ಕಂಪೈಲರ್‌ಗೆ 'ಮೈನಸ್ ಸಿ' ಆಯ್ಕೆ ಕೊಟ್ಟರೆ ಆಬ್ಜೆಕ್ಟ್ ಫೈಲ್ ಸಿಗುತ್ತದೆ. ಅಂಥ ಫೈಲುಗಳನ್ನು 'ಎಆರ್' ಎಂಬ ಸಾಧನ ಒಟ್ಟುಗೂಡಿಸಿ 'ಡಾಟ್ ಎ' ಎಂದು ಕೊನೆಗೊಳ್ಳುವ ಸ್ಟ್ಯಾಟಿಕ್ ಲೈಬ್ರರಿ ಮಾಡುತ್ತದೆ. ಹೆಸರು 'ಲಿಬ್' ಎಂದು ಶುರುವಾಗಬೇಕು. ಬಳಸುವಾಗ 'ಮೈನಸ್ ಎಲ್' ಜೊತೆ ಉಳಿದ ಹೆಸರು ಸಾಕು. ಈ ಆಯ್ಕೆಯನ್ನು ಸೋರ್ಸ್ ಫೈಲಿನ ನಂತರವೇ ಬರೆಯಿರಿ. ಲಿಂಕರ್ ಎಡದಿಂದ ಬಲಕ್ಕೆ ಓದುವುದರಿಂದ, ಮೊದಲೇ ಬರೆದ ಸ್ಟ್ಯಾಟಿಕ್ ಲೈಬ್ರರಿಯಿಂದ ಬೇಕಾದ ಫಂಕ್ಷನ್ ಸಿಗದೆ ಹೋಗಬಹುದು.

ಸ್ಟ್ಯಾಟಿಕ್ ಲೈಬ್ರರಿಯ ಕೋಡ್ ಪ್ರೋಗ್ರಾಮಿನೊಳಗೇ ನಕಲಾಗುತ್ತದೆ. ಡೈನಾಮಿಕ್ ಲೈಬ್ರರಿ ಪ್ರೋಗ್ರಾಮ್ ಓಡುವಾಗ ಜೋಡಣೆಯಾಗುತ್ತದೆ. ಲಿನಕ್ಸ್‌ನಲ್ಲಿ ಅದು 'ಡಾಟ್ ಎಸ್‌ಒ', ವಿಂಡೋಸ್‌ನಲ್ಲಿ 'ಡಾಟ್ ಡಿಎಲ್‌ಎಲ್'.

ಹೆಡರ್ ವಿಷಯಕ್ಕೆ ಮರಳಿದರೆ, ಒಂದೇ ಹೆಡರ್ ಎರಡು ಬಾರಿ ಸೇರದಂತೆ ತಡೆಯುವ 'ಇಫ್‌ಎನ್‌ಡೆಫ್–ಡಿಫೈನ್–ಎಂಡಿಫ್' ಕಾವಲಿನ ಹೆಸರು ಇನ್‌ಕ್ಲೂಡ್ ಗಾರ್ಡ್.