ಮನೆಯ ಕಂಪ್ಯೂಟರಿಗೆ ಆಂಟಿವೈರಸ್: ಆರಿಸುವ ಮುನ್ನ ತಿಳಿಯತಕ್ಕ ವಿಷಯಗಳು



ಬೆಳೆಗಾರರ ಮನೆಗಳಲ್ಲಿ ಕಂಪ್ಯೂಟರು ಈಗ ಅಪರೂಪದ ವಸ್ತುವಲ್ಲ. ಮಕ್ಕಳ ಓದಿಗೆಂದು ತಂದದ್ದು ಬರಬರುತ್ತಾ ತೋಟದ ಲೆಕ್ಕ, ಪಹಣಿ ಪ್ರತಿ, ಸಂಘದ ಸಾಲದ ಕಾಗದ, ಮಾರಾಟದ ಬಿಲ್ಲು ಎಲ್ಲವನ್ನೂ ಇಡುವ ಪೆಟ್ಟಿಗೆಯಾಗಿದೆ. ಆದರೆ ಕಾಗದದ ಪೆಟ್ಟಿಗೆಗೆ ಬೀಗ ಹಾಕುವ ನಾವು ಈ ಪೆಟ್ಟಿಗೆಯನ್ನು ತೆರೆದೇ ಬಿಟ್ಟಿರುತ್ತೇವೆ. ಅದಕ್ಕೆ ತಕ್ಕ ಕಾವಲನ್ನು ಆರಿಸಿಕೊಳ್ಳುವುದು ಹೇಗೆಂಬುದೇ ಈ ಪಾಠದ ವಿಷಯ.

ನನಗೆ ಕಲಿಸಿದ ಪಾಠ

ನಮ್ಮದು ಮಳವಳ್ಳಿ ತಾಲ್ಲೂಕಿನ ಹಲಗೂರು. ಇದು ಕಾಫಿ ಸೀಮೆಯಲ್ಲ. ತೆಂಗಿನ ನಡುವೆ ಅಡಿಕೆ ಹಾಕಿದ ಎರಡು ಎಕರೆ ತೋಟ ನಮ್ಮದು, ಅದೂ ತಮ್ಮನೊಡನೆ ಜಂಟಿ. ತಮ್ಮ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಯುಗಾದಿಗೆ ಬಂದಾಗ ಲೆಕ್ಕ ನೋಡಿ ಪಾಲು ಹಂಚಿಕೊಳ್ಳುವುದು ನಮ್ಮ ರೂಢಿ. ಕಂಪ್ಯೂಟರು ಬಂದ ಮೇಲೆ ನಾನು ಲೆಕ್ಕದ ಪುಸ್ತಕ ಬಿಟ್ಟೆ. ಮೂರು ವರ್ಷದ ಕೂಲಿ, ಗೊಬ್ಬರ, ಮಾರಾಟದ ಲೆಕ್ಕವೆಲ್ಲ ಒಂದೇ ಪೆನ್‌ಡ್ರೈವಿನಲ್ಲಿತ್ತು.

ಒಂದು ದಿನ ಆ ಪೆನ್‌ಡ್ರೈವನ್ನು ಪೇಟೆಯ ಒಂದು ಜೆರಾಕ್ಸ್ ಅಂಗಡಿಗೆ ಒಯ್ದು ಎರಡು ಹಾಳೆ ಮುದ್ರಿಸಿಕೊಂಡು ಬಂದೆ. ಮನೆಯಲ್ಲಿ ಹಾಕಿ ನೋಡಿದರೆ ಫೋಲ್ಡರುಗಳಿಲ್ಲ. ಅವುಗಳ ಹೆಸರಿನ ಶಾರ್ಟ್‌ಕಟ್‌ಗಳು ಮಾತ್ರ ಕಾಣುತ್ತಿದ್ದವು. ಒತ್ತಿದೆ. ಮನೆಯ ಕಂಪ್ಯೂಟರಿಗೂ ವೈರಸ್ ಇಳಿಯಿತು. ಪರಿಚಯದ ಹುಡುಗನೊಬ್ಬ ಬಂದು, "ಎಲ್ಲಾ ಹೋಗದೆ, ಫಾರ್ಮ್ಯಾಟ್ ಮಾಡ್ಬುಡಿ" ಅಂದ. ಮಾಡಿಬಿಟ್ಟೆವು. ಮೂರು ವರ್ಷದ ಲೆಕ್ಕ ಅಳಿಸಿಹೋದದ್ದು ಆಗಲೇ. ಈ ಜಾತಿಯ ವೈರಸ್ ಕಡತಗಳನ್ನು ಅಳಿಸುವುದಿಲ್ಲ, ಬರೀ ಅಡಗಿಸುತ್ತದೆ ಎಂಬುದು ನನಗೆ ಗೊತ್ತಾದದ್ದು ಆಮೇಲೆ. ವೈರಸ್ ತೆಗೆದು, ಅಡಗಿಸಿದ ಕಡತಗಳನ್ನು ತೋರಿಸೆಂದು ಕಂಪ್ಯೂಟರಿಗೆ ಹೇಳಿದ್ದರೆ ಎಲ್ಲವೂ ಮತ್ತೆ ಕಾಣುತ್ತಿತ್ತು.

ಯುಗಾದಿಗೆ ಬಂದ ತಮ್ಮ, "ಲೆಕ್ಕ ಎಲ್ಲಣ್ಣ?" ಅಂದ. ತೋರಿಸಲು ಏನೂ ಇರಲಿಲ್ಲ. ನಮ್ಮವ್ವ ಆಳು ಬಂದ ದಿನಗಳನ್ನು ಕ್ಯಾಲೆಂಡರಿನ ಮೇಲೆ ಗೀಟು ಹಾಕಿ ಇಟ್ಟಿದ್ದಳು. ಅದರಿಂದ ಕೂಲಿ ಲೆಕ್ಕ ಅರ್ಧ ಸಿಕ್ಕಿತು. ಉಳಿದದ್ದನ್ನು ಅಂದಾಜಿನ ಮೇಲೆ ಹಂಚಿಕೊಂಡೆವು. ತಮ್ಮ ಏನೂ ಅನ್ನಲಿಲ್ಲ. ಆದರೆ ಲೆಕ್ಕ ಕೊಡಲಾರದ ಅಣ್ಣನಾಗಿ ಅವನ ಮುಂದೆ ಕೂತ ಆ ಗಳಿಗೆಯನ್ನು ನಾನು ಮರೆತಿಲ್ಲ. ಈ ಪಾಠ ಬರೆಯಲು ಅದೇ ಕಾರಣ.

ವೈರಸ್ ಎಂದರೇನು?

ವೈರಸ್ ಎಂಬುದು ಜೀವಾಣುವಲ್ಲ. ಯಾರೋ ಕೇಡಿಗೆಂದು ಬರೆದ ಸಾಫ್ಟ್‌ವೇರ್, ಅಷ್ಟೆ. ಅದು ತನ್ನ ಪ್ರತಿಯನ್ನು ತಾನೇ ಮಾಡಿಕೊಂಡು ಇನ್ನೊಂದು ಕಂಪ್ಯೂಟರಿಗೆ ದಾಟುತ್ತದೆ. 1986ರಲ್ಲಿ ಲಾಹೋರಿನ ಇಬ್ಬರು ಸೋದರರು ಬರೆದ 'ಬ್ರೈನ್' ಎಂಬ ವೈರಸ್ ಫ್ಲಾಪಿ ತಟ್ಟೆಗಳ ಮೂಲಕ ದೇಶದೇಶಗಳಿಗೆ ಹರಡಿತ್ತು. ಕಾಫಿಯ ಕಾಯಿ ಕೊರಕ ಹುಳು ಗೋಣಿಚೀಲದ ಜೊತೆ ತೋಟದಿಂದ ತೋಟಕ್ಕೆ ಪಯಣಿಸುವುದನ್ನು ಘಟ್ಟದ ಸದಸ್ಯರು ಬಲ್ಲರು. ಪೆನ್‌ಡ್ರೈವ್ ಕೂಡ ಅಂಥದೇ ಗೋಣಿಚೀಲವೆಂದು ತಿಳಿಯಿರಿ.

ಇವುಗಳಲ್ಲಿ ಹಲವು ಬಗೆಗಳಿವೆ. ಕೆಲವು ಕಡತ ಅಡಗಿಸುತ್ತವೆ. ಕೆಲವು ನಾವು ಒತ್ತಿದ ಕೀಲಿಗಳನ್ನು ಗುರುತು ಮಾಡಿಕೊಂಡು ಬ್ಯಾಂಕಿನ ಗುಪ್ತಪದ ಕದಿಯುತ್ತವೆ. ಕೆಲವು ಒಳ್ಳೆಯ ಸಾಫ್ಟ್‌ವೇರಿನ ವೇಷದಲ್ಲಿ ಬರುತ್ತವೆ. ಎಲ್ಲಕ್ಕಿಂತ ಕೆಟ್ಟದ್ದು ಸುಲಿಗೆ ವೈರಸ್, ಅಂದರೆ ರ‍್ಯಾನ್ಸಮ್‌ವೇರ್. ಇದು ಕಡತಗಳಿಗೆಲ್ಲ ಬೀಗ ಜಡಿದು, ಹಣ ಕೊಟ್ಟರೆ ಬೀಗದಕೈ ಕೊಡುವೆನೆಂದು ಬೆದರಿಸುತ್ತದೆ.

ಇದು ದೂರದ ಮಾತಲ್ಲ. 2017ರ ಮೇ 12ರಂದು ಹರಡಿದ 'ವನ್ನಾಕ್ರೈ' ಎಂಬ ಸುಲಿಗೆ ವೈರಸ್, ನಮ್ಮ ನೆರೆಯ ಕಾಫಿ ಸೀಮೆಯಾದ ವಯನಾಡಿನ ತರಿಯೋಡ್ ಗ್ರಾಮ ಪಂಚಾಯಿತಿ ಕಚೇರಿಯ ಕಂಪ್ಯೂಟರುಗಳಿಗೂ ಬೀಗ ಹಾಕಿತು. ಅದನ್ನು ತಡೆಯುವ ತೇಪೆಯನ್ನು ಮೈಕ್ರೋಸಾಫ್ಟ್ ಕಂಪನಿ ಆ ವರ್ಷದ ಮಾರ್ಚ್ ತಿಂಗಳಲ್ಲೇ ಬಿಡುಗಡೆ ಮಾಡಿತ್ತು. ಹಾಕಿಕೊಳ್ಳದೆ ಇದ್ದವರು ಸಿಕ್ಕಿಬಿದ್ದರು. 2024ರ ಜುಲೈ ಕೊನೆಯಲ್ಲಿ, ಸಹಕಾರಿ ಹಾಗೂ ಗ್ರಾಮೀಣ ಬ್ಯಾಂಕುಗಳಿಗೆ ಕಂಪ್ಯೂಟರ್ ಸೇವೆ ಕೊಡುವ ಸಿ-ಎಡ್ಜ್ ಕಂಪನಿಗೆ ಸುಲಿಗೆ ವೈರಸ್ ತಗುಲಿತು. ಆಗ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಹಣ ಪಾವತಿ ವ್ಯವಸ್ಥೆಯನ್ನು ಮುನ್ನೆಚ್ಚರಿಕೆಯಾಗಿ ನಿಲ್ಲಿಸಬೇಕಾಯಿತು.

ಆಂಟಿವೈರಸ್ ಮಾಡುವ ಕೆಲಸ

ಆಂಟಿವೈರಸ್ ಎರಡು ರೀತಿಯಲ್ಲಿ ಕಾಯುತ್ತದೆ. ಒಂದು, ಗೊತ್ತಿರುವ ವೈರಸ್‌ಗಳ ಗುರುತಿನ ಪಟ್ಟಿ ಇಟ್ಟುಕೊಂಡು, ಬರುವ ಪ್ರತಿ ಕಡತವನ್ನೂ ಅದರೊಡನೆ ಹೋಲಿಸುತ್ತದೆ. ಎರಡು, ಪಟ್ಟಿಯಲ್ಲಿಲ್ಲದ ಸಾಫ್ಟ್‌ವೇರ್ ಅನುಮಾನದ ನಡತೆ ತೋರಿದರೆ, ಉದಾಹರಣೆಗೆ ಒಂದೇ ಸಮನೆ ನೂರಾರು ಕಡತಗಳನ್ನು ಬದಲಿಸತೊಡಗಿದರೆ, ತಡೆದು ನಿಲ್ಲಿಸುತ್ತದೆ. ಸಿಕ್ಕಿದ್ದನ್ನು ಬೇರೆಯಾಗಿ ಕೂಡಿಹಾಕುತ್ತದೆ. ಗುರುತಿನ ಪಟ್ಟಿ ದಿನದಿನವೂ ಹೊಸದಾಗಬೇಕು. ಹೊಸದಾಗದ ಆಂಟಿವೈರಸ್, ಹಳೆಯ ಕಳ್ಳರ ಮುಖ ಮಾತ್ರ ಬಲ್ಲ ಕಾವಲುಗಾರನಂತೆ.

ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವುದು ಮಳೆ ಹಿಡಿಯುವ ಮುನ್ನ. ಕೊಳೆರೋಗ ಗೊನೆಗೆ ಹತ್ತಿ ಕಾಯಿ ಉದುರತೊಡಗಿದ ಮೇಲೆ ಹೊಡೆದರೆ ಉದುರಿದ ಕಾಯಿ ಮರಕ್ಕೆ ಏರುವುದಿಲ್ಲ. ಆಂಟಿವೈರಸ್ ಕೂಡ ಹಾಗೆಯೇ ಮೊದಲೇ ಇರತಕ್ಕದ್ದು.

ಆರಿಸುವ ಕ್ರಮ

1. ಇರುವುದನ್ನು ಮೊದಲು ನೋಡಿ. ವಿಂಡೋಸ್ 10 ಮತ್ತು 11ರಲ್ಲಿ 'ಡಿಫೆಂಡರ್' ಎಂಬ ಆಂಟಿವೈರಸ್ ಒಳಗೇ ಬಂದಿರುತ್ತದೆ. ಅದಕ್ಕೆ ಬೇರೆ ಹಣ ಕೊಡಬೇಕಿಲ್ಲ. 'ವಿಂಡೋಸ್ ಸೆಕ್ಯೂರಿಟಿ' ತೆರೆದು ಅದು ಚಾಲೂ ಇದೆಯೇ ಎಂದು ನೋಡಿ. ಒಬ್ಬಿಬ್ಬರು ಬಳಸುವ ಮನೆಯ ಕಂಪ್ಯೂಟರಿಗೆ, ಎಚ್ಚರದಿಂದ ಬಳಸುವವರಿಗೆ, ಸಾಮಾನ್ಯವಾಗಿ ಇದೇ ಸಾಕು.

2. ಕಂಪ್ಯೂಟರಿನ ವಯಸ್ಸು ನೋಡಿ. ವಿಂಡೋಸ್ 7ಕ್ಕೆ ಕಂಪನಿಯ ಬೆಂಬಲ 2020ರ ಜನವರಿ 14ಕ್ಕೆ ನಿಂತಿತು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಬೆಂಬಲವಿಲ್ಲದ ವಿಂಡೋಸಿಗೆ ಎಷ್ಟು ದುಬಾರಿ ಆಂಟಿವೈರಸ್ ಹಾಕಿದರೂ ಅದು ಗೋಡೆ ಬಿದ್ದ ಮನೆಯ ಬಾಗಿಲಿಗೆ ಹೊಸ ಬೀಗ ಹಾಕಿದಂತೆ. ಮೊದಲು ವಿಂಡೋಸನ್ನು ಸರಿಪಡಿಸಿಕೊಳ್ಳಿ.

3. ಬೇರೆ ಕೊಳ್ಳುವುದಾದರೆ ಪರೀಕ್ಷೆಯ ಫಲ ನೋಡಿ, ಜಾಹೀರಾತು ನೋಡಬೇಡಿ. ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರಟಿವ್ಸ್ ಎಂಬ ಸಂಸ್ಥೆಗಳು ಆಂಟಿವೈರಸ್‌ಗಳನ್ನು ಪರೀಕ್ಷಿಸಿ ಫಲಿತಾಂಶ ಪ್ರಕಟಿಸುತ್ತವೆ. ಎವಿ-ಟೆಸ್ಟ್ ರಕ್ಷಣೆ, ವೇಗ, ಬಳಕೆಯ ಸುಲಭ ಎಂಬ ಮೂರು ವಿಷಯಗಳಿಗೆ ತಲಾ 6ರಂತೆ ಒಟ್ಟು 18 ಅಂಕ ಕೊಡುತ್ತದೆ. ಒಂದೇ ಸಲದ ಅಂಕ ನಂಬದೆ, ಎರಡು ಮೂರು ಸಲದ ಅಂಕ ಹೋಲಿಸಿರಿ. ನಮ್ಮ ದೇಶದಲ್ಲೇ ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ಮುಂತಾದ ಕಂಪನಿಗಳು ಆಂಟಿವೈರಸ್ ತಯಾರಿಸುತ್ತವೆ. ಅವನ್ನೂ ಇದೇ ಅಳತೆಯಿಂದ ಅಳೆಯಿರಿ.

4. ಭಾರ ನೋಡಿ. ಹಳೆಯ ಕಂಪ್ಯೂಟರಿಗೆ ಭಾರವಾದ ಆಂಟಿವೈರಸ್ ಹಾಕಿದರೆ ಯಂತ್ರ ಕುಂಟುತ್ತದೆ. ಬೇಸತ್ತು ಮನೆಯವರು ಅದನ್ನು ನಿಲ್ಲಿಸಿಬಿಡುತ್ತಾರೆ. ಹೆಚ್ಚಿನ ಕಂಪನಿಗಳು ಕೆಲವು ದಿನ ಉಚಿತವಾಗಿ ಪರೀಕ್ಷಿಸಲು ಬಿಡುತ್ತವೆ. ಹಾಕಿ ನೋಡಿ, ಆಮೇಲೆ ಹಣ ಕೊಡಿ.

5. ಎರಡನೆಯ ವರ್ಷದ ದರ ಕೇಳಿ. ಮೊದಲ ವರ್ಷಕ್ಕೆ ರಿಯಾಯಿತಿ ತೋರಿಸಿ, ನವೀಕರಣಕ್ಕೆ ಹೆಚ್ಚು ಹಣ ಕೇಳುವುದುಂಟು. ಬ್ಯಾಂಕ್ ಖಾತೆಯಿಂದ ತಾನೇ ಹಣ ಎಳೆದುಕೊಳ್ಳುವ ಏರ್ಪಾಡಿಗೆ ಒಪ್ಪಿಗೆ ಕೊಡುವ ಮೊದಲು ಎರಡು ಸಲ ಯೋಚಿಸಿ. ಎಷ್ಟು ಕಂಪ್ಯೂಟರಿಗೆ ಸಲ್ಲುತ್ತದೆ ಎಂಬುದನ್ನೂ ಕೇಳಿ.

6. ಪುಕ್ಕಟೆ ಸಿಗುವುದನ್ನು ವಿಚಾರಿಸಿ ತೆಗೆದುಕೊಳ್ಳಿ. ಪುಕ್ಕಟೆಯದೆಲ್ಲ ಕೆಟ್ಟದ್ದಲ್ಲ. ಆದರೆ ಅವಾಸ್ಟ್ ಎಂಬ ಹೆಸರುವಾಸಿ ಕಂಪನಿ, ತನ್ನ ಬಳಕೆದಾರರು ಇಂಟರ್ನೆಟ್ಟಿನಲ್ಲಿ ಏನೇನು ನೋಡಿದರೆಂಬ ವಿವರವನ್ನು ಮಾರಿದ ಪ್ರಕರಣದಲ್ಲಿ 1 ಕೋಟಿ 65 ಲಕ್ಷ ಡಾಲರ್ ತೆರಬೇಕೆಂದು 2024ರಲ್ಲಿ ಅಮೆರಿಕದ ವ್ಯಾಪಾರ ಆಯೋಗ ಹೇಳಿತು. ಕಾವಲುಗಾರನೇ ಮನೆಯ ಸುದ್ದಿ ಮಾರಬಾರದಷ್ಟೆ.

7. ಒಂದೇ ಇರಲಿ. ಎರಡು ಆಂಟಿವೈರಸ್ ಒಟ್ಟಿಗೆ ಹಾಕಕೂಡದು. ಒಂದನ್ನೊಂದು ಅನುಮಾನಿಸಿ ಕಂಪ್ಯೂಟರನ್ನೇ ನಿಲ್ಲಿಸುತ್ತವೆ. ಬೇರೆಯದನ್ನು ಹಾಕಿದಾಗ ಡಿಫೆಂಡರ್ ಸಾಮಾನ್ಯವಾಗಿ ತಾನೇ ಹಿಂದೆ ಸರಿಯುತ್ತದೆ.

8. ಕಳ್ಳಪ್ರತಿ ಬೇಡವೇ ಬೇಡ. 'ಕ್ರ್ಯಾಕ್' ಮಾಡಿದ ಆಂಟಿವೈರಸ್ ಹಾಕಿಕೊಳ್ಳುವುದೆಂದರೆ ಕಳ್ಳನ ಕೈಯಲ್ಲೇ ಬೀಗ ತರಿಸಿದಂತೆ.

ಸುಳ್ಳು ಎಚ್ಚರಿಕೆಯ ಮೋಸ

ಇಂಟರ್ನೆಟ್ ನೋಡುತ್ತಿರುವಾಗ ಥಟ್ಟನೆ ಕೆಂಪು ಪರದೆ ಬಂದು, "ನಿಮ್ಮ ಕಂಪ್ಯೂಟರಿಗೆ ವೈರಸ್ ಹತ್ತಿದೆ, ಈ ನಂಬರಿಗೆ ಕರೆ ಮಾಡಿ" ಎನ್ನಬಹುದು. ಇದು ಮೋಸ. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಯಲ್ಲಿ ದೂರವಾಣಿ ಸಂಖ್ಯೆ ಇರುವುದೇ ಇಲ್ಲ. ಕರೆ ಮಾಡಿದರೆ, ದೂರದಿಂದ ಕಂಪ್ಯೂಟರು ನಡೆಸುವ ಸಾಫ್ಟ್‌ವೇರ್ ಹಾಕಿಸಿಕೊಂಡು ಬ್ಯಾಂಕ್ ಖಾತೆಗೆ ಕೈ ಹಾಕುತ್ತಾರೆ. ಕಂಪ್ಯೂಟರನ್ನು ಆರಿಸಿಬಿಡಿ, ಕರೆ ಮಾಡಬೇಡಿ. ಹಣ ಹೋದರೆ ತಡಮಾಡದೆ 1930ಕ್ಕೆ ದೂರು ಕೊಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ವೈರಸ್ ಹತ್ತಿದರೆ

ಮೊದಲು ಇಂಟರ್ನೆಟ್ ಸಂಪರ್ಕ ತೆಗೆಯಿರಿ. ಗಾಬರಿಯಲ್ಲಿ ಫಾರ್ಮ್ಯಾಟ್ ಮಾಡಬೇಡಿ. ಬಲ್ಲವರಿಗೆ ತೋರಿಸಿ. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2017ರಲ್ಲಿ ತೆರೆದ 'ಸೈಬರ್ ಸ್ವಚ್ಛತಾ ಕೇಂದ್ರ'ದಲ್ಲಿ ವೈರಸ್ ತೆಗೆಯುವ ಸಾಧನಗಳು ಉಚಿತವಾಗಿ ದೊರೆಯುತ್ತವೆ. ಸುಲಿಗೆ ವೈರಸ್ಸಾದರೆ ಹಣ ಕಟ್ಟಬೇಡಿ. ಕಟ್ಟಿದರೂ ಕಡತ ಬರುವ ಖಾತ್ರಿ ಇಲ್ಲ. ಯೂರೋಪಿನ ಪೊಲೀಸರು ಮತ್ತು ಕೆಲವು ಕಂಪನಿಗಳು 2016ರಲ್ಲಿ ಆರಂಭಿಸಿದ 'ನೋ ಮೋರ್ ರ‍್ಯಾನ್ಸಮ್' ಯೋಜನೆಯಲ್ಲಿ ಕೆಲವು ಬಗೆಯ ಸುಲಿಗೆ ವೈರಸ್‌ಗಳಿಗೆ ಬೀಗದಕೈ ಉಚಿತವಾಗಿ ಸಿಗುತ್ತದೆ.

ಆಂಟಿವೈರಸ್ಸಿಗೂ ಮಿತಿ ಉಂಟು

ಯಾವ ಆಂಟಿವೈರಸ್ಸೂ ನೂರಕ್ಕೆ ನೂರು ಕಾಯುವುದಿಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ಸಾಫ್ಟ್‌ವೇರಿನ ಒಂದು ತಪ್ಪು ತೇಪೆಯಿಂದಲೇ ಲೋಕದಾದ್ಯಂತ ಸುಮಾರು 85 ಲಕ್ಷ ಕಂಪ್ಯೂಟರುಗಳು ನಿಂತವು. ಆದ್ದರಿಂದ ಮುಖ್ಯವಾದ ಕಡತಗಳಿಗೆ ಮೂರು ಪ್ರತಿ ಇರಲಿ: ಒಂದು ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ, ಒಂದು ಮನೆಯಿಂದ ಹೊರಗೆ, ನೆಂಟರ ಮನೆಯಲ್ಲೋ ಗೂಗಲ್ ಡ್ರೈವಿನಂಥ ಕಡೆಯಲ್ಲೋ. ಹಾರ್ಡ್‌ಡಿಸ್ಕನ್ನು ಪ್ರತಿ ಮಾಡಿದ ಕೂಡಲೇ ಕಳಚಿಡಿ. ಸಿಕ್ಕಿಸಿಯೇ ಬಿಟ್ಟರೆ ಸುಲಿಗೆ ವೈರಸ್ ಅದಕ್ಕೂ ಬೀಗ ಹಾಕುತ್ತದೆ.

ಅಂಗಡಿಯಲ್ಲಿ ಮುದ್ರಿಸಲು ಬೇರೊಂದು ಖಾಲಿ ಪೆನ್‌ಡ್ರೈವ್ ಇಟ್ಟುಕೊಂಡು, ಬೇಕಾದ ಹಾಳೆಯನ್ನು ಮಾತ್ರ ಅದರಲ್ಲಿ ಒಯ್ಯಿರಿ. ವಾಪಸು ತಂದಾಗ ಆಂಟಿವೈರಸ್‌ನಿಂದ ಪರೀಕ್ಷಿಸಿಯೇ ತೆರೆಯಿರಿ.

ನಾನೀಗ ಡಿಫೆಂಡರನ್ನೇ ಬಳಸುತ್ತಿದ್ದೇನೆ. ತಿಂಗಳ ಮೊದಲ ಭಾನುವಾರ ಹಾರ್ಡ್‌ಡಿಸ್ಕಿಗೆ ಪ್ರತಿ ತೆಗೆಯುತ್ತೇನೆ. ಒಂದು ಪ್ರತಿ ತಮ್ಮನಿಗೂ ಹೋಗುತ್ತದೆ. ಹಾಗಾಗಿ ಯುಗಾದಿಗೆ ಅವನು ಲೆಕ್ಕ ಕೇಳಬೇಕಾಗಿಲ್ಲ, ಮೊದಲೇ ನೋಡಿಕೊಂಡು ಬರುತ್ತಾನೆ. ಅವ್ವನ ಕ್ಯಾಲೆಂಡರೂ ಗೋಡೆಯ ಮೇಲೆ ಇದ್ದೇ ಇದೆ.

ಅಭ್ಯಾಸಕ್ಕೆ

1. ನಿಮ್ಮ ಕಂಪ್ಯೂಟರಿನಲ್ಲಿರುವುದು ಯಾವ ವಿಂಡೋಸ್? ಅದಕ್ಕೆ ಕಂಪನಿಯ ಬೆಂಬಲ ಇದೆಯೇ?
2. ಆಂಟಿವೈರಸ್ ಚಾಲೂ ಇದೆಯೇ? ಕೊನೆಯ ಬಾರಿ ಯಾವಾಗ ಹೊಸದಾಯಿತು?
3. ಈ ರಾತ್ರಿಯೇ ಕಂಪ್ಯೂಟರು ಕೆಟ್ಟರೆ ತೋಟದ ಲೆಕ್ಕ ನಿಮಗೆ ಇನ್ನೆಲ್ಲಿ ಸಿಗುತ್ತದೆ?

ಮೂರನೆಯ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ, ಈ ಪತ್ರಿಕೆ ಮಡಿಸಿಟ್ಟು ಮೊದಲು ಒಂದು ಪ್ರತಿ ತೆಗೆಯಿರಿ.