ಸ್ಪೀಕರ್ ಕೊಳ್ಳುವ ಮುನ್ನ ಕಿವಿಗೊಂದು ಪಾಠ

ಹಬ್ಬದ ರಿಯಾಯಿತಿ ಶುರುವಾಯಿತೆಂದರೆ ಅಂಗಡಿಗಳ ಮುಂದೆ ಸ್ಪೀಕರ್ ಸೆಟ್ಟುಗಳು ಸಾಲುಗಟ್ಟಿ ನಿಲ್ಲುತ್ತವೆ. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ‘10,000 ವ್ಯಾಟ್ ಪಿಎಂಪಿಒ’ ಎಂದು ಬರೆದಿದೆ ಎಂದುಕೊಳ್ಳಿ. ಸೆಟ್ಟಿನ ಹಿಂಬದಿಗೆ ಅಂಟಿಸಿದ ಚಿಕ್ಕ ಚೀಟಿಯಲ್ಲಿ ‘ವಿದ್ಯುತ್ ಬಳಕೆ 60 ವ್ಯಾಟ್’ ಎಂದಿದೆ. ವಾಣಿಜ್ಯ ವಿಭಾಗದ ನಮಗೆ ಇಲ್ಲಿ ಸಂಶಯ ಬರಲೇಬೇಕು. 60 ರೂಪಾಯಿ ಆದಾಯವಿರುವವನು ದಿನವೂ 10,000 ರೂಪಾಯಿ ಖರ್ಚು ಮಾಡಲು ಸಾಧ್ಯವೇ?

ಮನೆಗೆ ಸ್ಪೀಕರ್ ಮತ್ತು ಆಂಪ್ಲಿಫೈಯರ್ ಆರಿಸುವುದು ಹೇಗೆ, ಧ್ವನಿ ಚೆನ್ನಾಗಿದೆ ಎಂದು ನಿರ್ಧರಿಸುವುದು ಹೇಗೆ ಎಂಬುದು ಈ ಲೇಖನದ ವಿಷಯ. ಒಂದು ಮಾತನ್ನು ಮೊದಲೇ ಹೇಳುತ್ತೇನೆ. ಪೆಟ್ಟಿಗೆಯ ಸಂಖ್ಯೆಗಿಂತ, ಬೆಲೆಗಿಂತ, ಅಂಗಡಿಯವರ ಮಾತಿಗಿಂತ ನಮ್ಮ ಕಿವಿಯೇ ಮುಖ್ಯ. ಆದರೆ ಕಿವಿ ಬೇಗ ಮೋಸಹೋಗುತ್ತದೆ. ಅದಕ್ಕೆ ನ್ಯಾಯವಾಗಿ ಹೋಲಿಸುವುದನ್ನು ಕಲಿಸಬೇಕು.

ವ್ಯಾಟ್ ಲೆಕ್ಕ

ಪಿಎಂಪಿಒ ಎಂದರೆ ಒಂದು ಕ್ಷಣದ ಮಟ್ಟಿಗೆ ಸೆಟ್ಟು ಕೊಡಬಹುದಾದ ಗರಿಷ್ಠ ಶಕ್ತಿ ಎಂಬ ಲೆಕ್ಕ. ಅದನ್ನು ಅಳೆಯುವ ಒಪ್ಪಿತ ವಿಧಾನವಿಲ್ಲ. ಹಾಗಾಗಿ ತಯಾರಕರು ತಮಗೆ ಬೇಕಾದಂತೆ ಬರೆಯಬಹುದು. ನಾವು ನೋಡಬೇಕಾದದ್ದು ‘ಆರ್‌ಎಂಎಸ್’ ಎಂದು ಬರೆದಿರುವ ಸಂಖ್ಯೆ. ಅದು ಆಂಪ್ಲಿಫೈಯರ್ ನಿರಂತರವಾಗಿ ಕೊಡಬಲ್ಲ ಶಕ್ತಿ. ಈ ಸಮಸ್ಯೆ ನಮ್ಮ ದೇಶದ್ದು ಮಾತ್ರವಲ್ಲ. ಅಮೆರಿಕದಲ್ಲಿ ಕಂಪನಿಗಳು ವ್ಯಾಟ್ ಸಂಖ್ಯೆಯನ್ನು ಉಬ್ಬಿಸಿ ಹೇಳುತ್ತಿದ್ದುದರಿಂದ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿಯೇ ಆಂಪ್ಲಿಫೈಯರ್ ಶಕ್ತಿಯನ್ನು ಹೇಗೆ ಅಳೆದು ಪ್ರಕಟಿಸಬೇಕು ಎಂಬ ನಿಯಮ ತಂದಿತು.

ಆರ್‌ಎಂಎಸ್ ಸಂಖ್ಯೆ ಸಿಕ್ಕಿದರೂ ಕೆಲಸ ಮುಗಿಯಲಿಲ್ಲ. 50 ವ್ಯಾಟ್‌ಗಿಂತ 100 ವ್ಯಾಟ್ ಎರಡು ಪಟ್ಟು ಜೋರು ಎಂದು ನಾವು ಭಾವಿಸುತ್ತೇವೆ. ಹಾಗಿಲ್ಲ. ಶಬ್ದದ ಮಟ್ಟವನ್ನು ಡೆಸಿಬಲ್‌ನಲ್ಲಿ ಅಳೆಯುತ್ತಾರೆ. ಶಕ್ತಿ ಎರಡು ಪಟ್ಟಾದರೆ ಶಬ್ದ ಹೆಚ್ಚುವುದು ಕೇವಲ 3 ಡೆಸಿಬಲ್. ಅದು ಕಿವಿಗೆ ‘ಸ್ವಲ್ಪ ಜಾಸ್ತಿಯಾಯಿತು’ ಎನ್ನುವಷ್ಟು ಮಾತ್ರ. ಎರಡು ಪಟ್ಟು ಜೋರು ಎನಿಸಬೇಕಾದರೆ ಸುಮಾರು 10 ಡೆಸಿಬಲ್ ಹೆಚ್ಚಬೇಕು, ಅಂದರೆ ಹತ್ತು ಪಟ್ಟು ಶಕ್ತಿ ಬೇಕು.

ಇದಕ್ಕಿಂತ ಉಪಯುಕ್ತ ಸಂಖ್ಯೆ ಸ್ಪೀಕರಿನ ಸೆನ್ಸಿಟಿವಿಟಿ. 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಬರುತ್ತದೆ ಎಂಬುದೇ ಅದು. ಒಂದು ಸ್ಪೀಕರಿಗೆ 84, ಇನ್ನೊಂದಕ್ಕೆ 90 ಎಂದಿದ್ದರೆ ವ್ಯತ್ಯಾಸ 6 ಡೆಸಿಬಲ್. ಎರಡನೆಯದು 10 ವ್ಯಾಟ್‌ನಲ್ಲಿ ಮಾಡುವ ಕೆಲಸಕ್ಕೆ ಮೊದಲನೆಯದಕ್ಕೆ 40 ವ್ಯಾಟ್ ಬೇಕು. ನಮ್ಮಂಥ ಮನೆಗಳ ಹಾಲ್‌ನಲ್ಲಿ ಕುಳಿತು ಸಾಮಾನ್ಯ ಮಟ್ಟದಲ್ಲಿ ಕೇಳುವಾಗ ಹೆಚ್ಚಿನ ಹೊತ್ತು ಬಳಕೆಯಾಗುವುದು ಒಂದೆರಡು ವ್ಯಾಟ್ ಅಷ್ಟೇ. ಉಳಿದದ್ದು ತಬಲಾದ ಪೆಟ್ಟಿನಂಥ ಕ್ಷಣಗಳಿಗೆ ಮೀಸಲು ನಿಧಿ ಇದ್ದಂತೆ.

ಜೋರು ಎಂದರೆ ಚೆನ್ನ ಎಂದಲ್ಲ

1933ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ಮನುಷ್ಯನ ಕಿವಿ ಎಲ್ಲ ಸ್ವರಗಳನ್ನೂ ಸಮನಾಗಿ ಕೇಳುವುದಿಲ್ಲ ಎಂದು ಅಳೆದು ತೋರಿಸಿದರು. ಶಬ್ದ ಕಡಿಮೆ ಇದ್ದಾಗ ಬಾಸ್ ನಮಗೆ ಬಹಳ ಕಡಿಮೆ ಕೇಳುತ್ತದೆ. ಶಬ್ದ ಹೆಚ್ಚಿಸಿದರೆ ಬಾಸ್ ತುಂಬಿಕೊಂಡು ಬರುತ್ತದೆ. ಆದ್ದರಿಂದ ಎರಡು ಸ್ಪೀಕರ್‌ಗಳಲ್ಲಿ ಯಾವುದು ತುಸು ಜೋರಾಗಿದೆಯೋ ಅದೇ ‘ಚೆನ್ನಾಗಿದೆ’ ಎನಿಸುತ್ತದೆ, ಗುಣದಲ್ಲಿ ಅದು ಕೆಳಗಿದ್ದರೂ ಸರಿ.

ಮಾರಾಟದ ಗುಟ್ಟು ಇಲ್ಲಿದೆ. ಮಾರಬೇಕಾದ ಸೆಟ್ಟಿನ ಗುಂಡಿಯನ್ನು ಸ್ವಲ್ಪ ಹೆಚ್ಚು ತಿರುಗಿಸಿದರೆ ಸಾಕು, ಗಿರಾಕಿಯ ಕಿವಿ ತಾನಾಗಿಯೇ ಒಪ್ಪಿಕೊಳ್ಳುತ್ತದೆ. ಇದಕ್ಕೆ ಪರಿಹಾರ ಸುಲಭ. ಎರಡನ್ನೂ ಒಂದೇ ಮಟ್ಟದಲ್ಲಿ ಹಾಕಿಸಿ ಕೇಳಿ. ಫೋನಿನಲ್ಲಿ ಶಬ್ದ ಅಳೆಯುವ ಉಚಿತ ಆ್ಯಪ್‌ಗಳಿವೆ. ಅವು ತೋರಿಸುವ ಸಂಖ್ಯೆ ಪೂರ್ತಿ ಸರಿಯಿಲ್ಲದಿರಬಹುದು, ಆದರೆ ಒಂದೇ ಫೋನನ್ನು ಒಂದೇ ಜಾಗದಲ್ಲಿ ಹಿಡಿದರೆ ಎರಡು ಸೆಟ್ಟುಗಳನ್ನು ಸರಿಸಮ ಮಾಡಲು ಸಾಕು. ಬಾಸ್, ಟ್ರೆಬಲ್, ‘ಎಕ್ಸ್‌ಟ್ರಾ ಬಾಸ್’ ಗುಂಡಿಗಳೆಲ್ಲ ಮಧ್ಯಕ್ಕೆ ಬರಲಿ.

ಏನನ್ನು ಕೇಳಬೇಕು?

ಮೊದಲ ಪರೀಕ್ಷೆ ಮನುಷ್ಯರ ದನಿ. ಹುಟ್ಟಿದಾಗಿನಿಂದ ಕೇಳುತ್ತಿರುವುದರಿಂದ ದನಿಯಲ್ಲಿ ತಪ್ಪಿದ್ದರೆ ನಮಗೆ ಬೇಗ ತಿಳಿಯುತ್ತದೆ. ವಾದ್ಯಗಳಿಲ್ಲದ ಮಾತು ಅಥವಾ ಗಾಯನ ಹಾಕಿಸಿ. ದನಿ ಎದೆಯಿಂದ ಬಂದಂತಿದೆಯೇ, ಡಬ್ಬಿಯೊಳಗಿಂದ ಬಂದಂತಿದೆಯೇ? ನಮ್ಮ ಮನೆಮಾತು ಉರ್ದು. ಉರ್ದುವಿನಲ್ಲಿ ಸೀನ್ ಮತ್ತು ಶೀನ್, ಕಾಫ್ ಮತ್ತು ಖೇ ಬೇರೆಬೇರೆಯಾಗಿ ಕೇಳಿಸಲೇಬೇಕು. ಕನ್ನಡದಲ್ಲಿ ‘ಸ’ ಬೇರೆ, ‘ಶ’ ಬೇರೆ ಆದಂತೆ. ಇಂಥ ವ್ಯಂಜನಗಳ ಸ್ಪಷ್ಟತೆ ಇರುವುದು ಸುಮಾರು 2,000 ಹರ್ಟ್ಜ್‌ನಿಂದ ಮೇಲಿನ ಸ್ವರಗಳಲ್ಲಿ. ಬಾಸ್ ಉಬ್ಬಿದ ಸೆಟ್ಟಿನಲ್ಲಿ ಇವೇ ಮೊದಲು ಮುಳುಗುತ್ತವೆ. ‘ಸ’ ಅಕ್ಷರ ಸೂಜಿಯಂತೆ ಚುಚ್ಚಿದರೆ ಟ್ರೆಬಲ್ ಹೆಚ್ಚಾಗಿದೆ ಎಂದು ಅರ್ಥ.

ಎರಡನೆಯದು ಬಾಸ್. ತಬಲಾದ ಎಡಗೈಯ ಡಗ್ಗಾ ಕೇಳಿ. ವಾದಕರು ಅಂಗೈಯನ್ನು ಒತ್ತಿ ಜಾರಿಸಿದಾಗ ಸ್ವರ ಮೇಲೆ ಕೆಳಗೆ ಹೋಗುತ್ತದೆ. ಒಳ್ಳೆಯ ಸ್ಪೀಕರಿನಲ್ಲಿ ಈ ಜಾರು ತಿಳಿಯುತ್ತದೆ. ಕೆಟ್ಟದ್ದರಲ್ಲಿ ಎಲ್ಲ ಪೆಟ್ಟಿಗೂ ಒಂದೇ ‘ದುಮ್’. ಬಾಸ್ ಎಷ್ಟಿದೆ ಎನ್ನುವುದಕ್ಕಿಂತ ಹೇಗಿದೆ ಎನ್ನುವುದು ಮುಖ್ಯ.

ಮೂರನೆಯದು ಜಾಗದ ಅನುಭವ. ಎರಡು ಸ್ಪೀಕರ್‌ಗಳ ನಡುವೆ ಸರಿಯಾಗಿ ಕುಳಿತರೆ ಗಾಯಕರ ದನಿ ಎರಡರ ಮಧ್ಯದಿಂದ, ಅಂದರೆ ಏನೂ ಇಲ್ಲದ ಜಾಗದಿಂದ ಬಂದಂತೆ ಕೇಳಬೇಕು.

ನಾಲ್ಕನೆಯದು ಆಯಾಸ. ಅಂಗಡಿಯಲ್ಲಿ ಎರಡು ನಿಮಿಷ ಮಿಂಚುವ ಸ್ಪೀಕರ್ ಮನೆಯಲ್ಲಿ ಅರ್ಧ ಗಂಟೆಗೆ ತಲೆನೋವು ತರಬಹುದು. ಕಡಿಮೆಯೆಂದರೆ ಇಪ್ಪತ್ತು ನಿಮಿಷ ಕುಳಿತು ಕೇಳಿ.

ಪರೀಕ್ಷೆಗೆ ನಿಮಗೆ ಚೆನ್ನಾಗಿ ಗೊತ್ತಿರುವ ಮೂರ್ನಾಲ್ಕು ಧ್ವನಿಮುದ್ರಣಗಳನ್ನು ನೀವೇ ಒಯ್ಯಿರಿ. ಮೊಹಮ್ಮದ್ ರಫಿ, ಪಿ.ಬಿ. ಶ್ರೀನಿವಾಸ್ ಅವರ ಹಳೆಯ ಹಾಡುಗಳು ಎಷ್ಟೇ ಪ್ರಿಯವಾದರೂ ಅವುಗಳಲ್ಲಿನ ಸುಯ್ಯೆಂಬ ಸದ್ದು, ಕಡಿಮೆ ಬಾಸ್ ಆ ಕಾಲದ ಮುದ್ರಣದ್ದು. ಅದಕ್ಕೆ ಸ್ಪೀಕರನ್ನು ದೂರಬಾರದು.

ಕಣ್ಣು ಮುಚ್ಚಿ ಕೇಳಿ

ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬ ಸಂಶೋಧಕರು 1994ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದೇ ಕೇಳುಗರಿಗೆ ಅವೇ ಸ್ಪೀಕರ್‌ಗಳನ್ನು ಒಮ್ಮೆ ಕಾಣುವಂತೆ ಇಟ್ಟು, ಇನ್ನೊಮ್ಮೆ ಪರದೆಯ ಹಿಂದೆ ಇಟ್ಟು ಕೇಳಿಸಿದರು. ಕಾಣುತ್ತಿದ್ದಾಗ ಕೊಟ್ಟ ಅಂಕಗಳೇ ಬೇರೆ, ಕಾಣದಿದ್ದಾಗ ಕೊಟ್ಟ ಅಂಕಗಳೇ ಬೇರೆ. ಗಾತ್ರ, ಅಂದ, ಬೆಲೆ, ಹೆಸರು ಇವೆಲ್ಲ ಕಿವಿಯ ತೀರ್ಪಿನೊಳಗೆ ಸದ್ದಿಲ್ಲದೆ ಸೇರಿಕೊಂಡಿದ್ದವು.

ಇನ್ನೊಂದು ಉದಾಹರಣೆ ಸಂಖ್ಯಾಶಾಸ್ತ್ರ ಓದುವವರಿಗೆ ಇಷ್ಟವಾಗಬಹುದು. ಸಿ.ಡಿ.ಯಲ್ಲಿ ಶಬ್ದವನ್ನು ಸೆಕೆಂಡಿಗೆ 44,100 ಬಾರಿ ಅಳೆದು ದಾಖಲಿಸುತ್ತಾರೆ. ಅದಕ್ಕಿಂತ ಮೇಲಿನ ದರ್ಜೆಯ ‘ಹೈ ರೆಸಲ್ಯೂಷನ್’ ಮುದ್ರಣಗಳೂ ಇವೆ, ಬೆಲೆಯೂ ಹೆಚ್ಚು. ಮೇಯರ್ ಮತ್ತು ಮೊರಾನ್ ಎಂಬವರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎರಡರಲ್ಲಿ ಯಾವುದು ಹಾಕಿದೆ ಎಂದು ತಿಳಿಸದೆ ಕೇಳುಗರಿಗೆ ಗುರುತಿಸಲು ಹೇಳಿದರು. 554 ಬಾರಿ ಪ್ರಯತ್ನಿಸಿದರು. ಸರಿ ಉತ್ತರ ಬಂದದ್ದು 276 ಬಾರಿ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು!

ಇದನ್ನು ನಾವೇ ಮಾಡಬಹುದು. ಎರಡು ಸೆಟ್ಟುಗಳನ್ನು ಸಮ ಮಟ್ಟಕ್ಕೆ ತನ್ನಿ. ನೀವು ಬೆನ್ನು ತಿರುಗಿಸಿ ಕುಳಿತುಕೊಳ್ಳಿ. ಗೆಳೆಯರೊಬ್ಬರು ನಾಣ್ಯ ಚಿಮ್ಮಿ ‘ಅ’ ಅಥವಾ ‘ಆ’ ಹಾಕಲಿ. ಹತ್ತು ಬಾರಿ ಊಹಿಸಿ. ಬರೀ ಅದೃಷ್ಟದಿಂದ ಐದು ಸರಿ ಬರುವುದು ಸಹಜ. ಎಂಟು ಅಥವಾ ಹೆಚ್ಚು ಸರಿ ಬರುವ ಸಂಭವ 1,024ರಲ್ಲಿ 56, ಅಂದರೆ ನೂರಕ್ಕೆ ಐದೂವರೆ. ಒಂಬತ್ತು ಅಥವಾ ಹೆಚ್ಚು ಬರುವ ಸಂಭವ 1,024ರಲ್ಲಿ 11 ಮಾತ್ರ. ಒಂಬತ್ತು ಸರಿ ಬಂದರೆ ವ್ಯತ್ಯಾಸ ನಿಜವಾಗಿಯೂ ಕೇಳಿಸುತ್ತಿದೆ ಎಂದು ನಂಬಬಹುದು. ಐದಾರೇ ಬಂದರೆ ಆ ವ್ಯತ್ಯಾಸಕ್ಕೆ ಹೆಚ್ಚುವರಿ ಸಾವಿರಾರು ರೂಪಾಯಿ ಯಾಕೆ ಕೊಡಬೇಕು?

ಖರ್ಚಿಲ್ಲದ ಸುಧಾರಣೆ

ಧ್ವನಿಯನ್ನು ಹೆಚ್ಚು ಬದಲಿಸುವುದು ಸ್ಪೀಕರ್ ಮತ್ತು ಕೋಣೆ. ಟೈಲ್ಸ್ ನೆಲ, ಬರಿಯ ಗೋಡೆ, ಗಾಜಿನ ಕಿಟಕಿ ಇರುವ ಕೋಣೆಯಲ್ಲಿ ಶಬ್ದ ಪುಟಿದು ಪುಟಿದು ಮಾತು ಕಲಸಿಹೋಗುತ್ತದೆ. ಜಮಖಾನ, ದಪ್ಪ ಪರದೆ, ಪುಸ್ತಕದ ಕಪಾಟು ಇದ್ದರೆ ಪುಟಿಯುವುದು ತಗ್ಗುತ್ತದೆ. ಸ್ಪೀಕರನ್ನು ಗೋಡೆಗೆ ಒತ್ತಿ ಇಟ್ಟರೆ ಬಾಸ್ ಹೆಚ್ಚುತ್ತದೆ, ಮೂಲೆಯಲ್ಲಿಟ್ಟರೆ ಇನ್ನೂ ಹೆಚ್ಚಿ ಗುಂಯ್‌ಗುಡುತ್ತದೆ. ಎರಡು ಸ್ಪೀಕರ್ ಮತ್ತು ಕೇಳುವವರು ಸಮಬಾಹು ತ್ರಿಭುಜದ ಮೂರು ತುದಿಗಳಲ್ಲಿರಲಿ. ಟ್ವೀಟರ್, ಅಂದರೆ ಮೇಲಿನ ಸ್ವರಗಳ ಚಿಕ್ಕ ಸ್ಪೀಕರ್, ಕುಳಿತವರ ಕಿವಿಯ ಎತ್ತರಕ್ಕೆ ಬರಲಿ. ಕಪಾಟಿನ ಮೇಲೆ, ಸೂರಿನ ಹತ್ತಿರ ಕೂರಿಸಿದ ಸ್ಪೀಕರಿಂದ ಈ ಯಾವುದನ್ನೂ ನಿರೀಕ್ಷಿಸಬೇಡಿ.

ಹಣ ಹಂಚುವುದು

ಅರ್ಥಶಾಸ್ತ್ರದಲ್ಲಿ ನಾವು ಅವಕಾಶ ವೆಚ್ಚ ಓದುತ್ತೇವೆ. ಕಳೆದ ವರ್ಷ ಅಬ್ಬಾಗೆ ಚೀಟಿ ಹಣ ಬಂದಾಗ ಮನೆಯಲ್ಲಿ ಸೆಟ್ಟು ತರುವ ಮಾತಾಯಿತು. ಅದೇ ಹಣದಲ್ಲಿ ತಂಗಿಯ ಟ್ಯೂಷನ್ ಫೀಸೂ ಇತ್ತು. ಅಂಗಡಿಯೊಂದರಲ್ಲಿ ಐದು ಸ್ಪೀಕರಿನ ಹೋಂ ಥಿಯೇಟರನ್ನು ಕಂತಿನಲ್ಲಿ ಕೊಡುತ್ತೇವೆ ಎಂದರು. ನಾವು ಮೊದಲು ಕೇಳಿಕೊಂಡ ಪ್ರಶ್ನೆ ಒಂದೇ: ಮನೆಯಲ್ಲಿ ಯಾರು, ಏನು ಕೇಳುತ್ತಾರೆ? ದಾದಿಗೆ ನಾತ್ ಮತ್ತು ಉರ್ದು ಭಾಷಣದ ಮಾತು ಅರ್ಥವಾಗಬೇಕು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಸ್ವರಗಳನ್ನು, ಆದ್ದರಿಂದ ಅವರಿಗೆ ಬೇಕಾದದ್ದು ಬಾಸ್ ಅಲ್ಲ, ಸ್ಪಷ್ಟತೆ. ಅಬ್ಬಾಗೆ ಮೆಹದಿ ಹಸನ್ ಗಜಲ್ ಸಾಕು. ಇನ್ನೊಂದು ಅಂಗಡಿಯಲ್ಲಿ ದಾದಿಯನ್ನೇ ಕೂರಿಸಿ, ಯಾವ ಸೆಟ್ಟೆಂದು ಹೇಳದೆ ಒಂದೇ ಮಟ್ಟದಲ್ಲಿ ಮೂರು ಕೇಳಿಸಿದೆವು. ಅವರು ಬೆರಳು ತೋರಿಸಿದ್ದು ಎಲ್ಲಕ್ಕಿಂತ ಚಿಕ್ಕದಾದ ಎರಡು ಸ್ಪೀಕರಿನ ಜೋಡಿಗೆ. ಅದರ ಬೆಲೆ ಹೋಂ ಥಿಯೇಟರಿನ ಅರ್ಧಕ್ಕಿಂತ ಕಡಿಮೆ. ಕಂತಿಲ್ಲದೆ ಸೆಟ್ಟು ಮನೆಗೆ ಬಂತು, ಫೀಸೂ ಕಟ್ಟಿಯಾಯಿತು.

ಸಾಮಾನ್ಯ ಸೂತ್ರ ಹೀಗೆ: ಒಂದೇ ಹಣಕ್ಕೆ ಐದು ಸಾಧಾರಣ ಸ್ಪೀಕರ್‌ಗಿಂತ ಎರಡು ಒಳ್ಳೆಯ ಸ್ಪೀಕರ್ ಲೇಸು. ಹಣದ ದೊಡ್ಡ ಪಾಲು ಸ್ಪೀಕರಿಗೆ, ನಂತರ ಆಂಪ್ಲಿಫೈಯರಿಗೆ. ಸ್ಪೀಕರ್ 4 ಓಮ್ ಇದ್ದರೆ ಆಂಪ್ಲಿಫೈಯರ್ ಅದಕ್ಕೆ ಒಪ್ಪುತ್ತದೆಯೇ ಎಂದು ನೋಡಿ. ನಾಲ್ಕೈದು ಮೀಟರ್ ದೂರಕ್ಕೆ 1.5 ಚದರ ಮಿಲಿಮೀಟರಿನ ಸಾಧಾರಣ ತಾಮ್ರದ ತಂತಿ ಸಾಕು. ಸಾವಿರಾರು ರೂಪಾಯಿಯ ವಿಶೇಷ ಕೇಬಲ್ ಬೇಕಿಲ್ಲ.

ಹಕ್ಕು ಮತ್ತು ಹೊಣೆ

ವ್ಯವಹಾರ ಅಧ್ಯಯನದಲ್ಲಿ ಓದುವ ಗ್ರಾಹಕರ ಹಕ್ಕುಗಳು ಪರೀಕ್ಷೆಗಷ್ಟೇ ಅಲ್ಲ. ಮಾಹಿತಿ ಪಡೆಯುವ ಹಕ್ಕಿನಿಂದಲೇ ನಾವು ಆರ್‌ಎಂಎಸ್ ಎಷ್ಟು ಎಂದು ಕೇಳುವುದು. ಆಯ್ಕೆಯ ಹಕ್ಕಿನಿಂದಲೇ ಹೋಲಿಸಿ ಕೇಳಿಸಿ ಎನ್ನುವುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿತಪ್ಪಿಸುವ ಜಾಹೀರಾತನ್ನು ತಪ್ಪೆಂದು ಹೇಳುತ್ತದೆ. ಬಿಲ್ ಮತ್ತು ವಾರಂಟಿ ಕಾರ್ಡ್ ಜೋಪಾನವಾಗಿಡಿ. ತೊಂದರೆಯಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಹಕ್ಕಿನ ಜೊತೆ ಹೊಣೆಯೂ ಇದೆ. ವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45. ಪಕ್ಕದ ಮನೆಯಲ್ಲಿ ಮಗು ಮಲಗಿರಬಹುದು, ಪರೀಕ್ಷೆಗೆ ಓದುವವರಿರಬಹುದು. ನಮ್ಮ ಕಿವಿಯನ್ನೂ ಕಾಯಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್ ಶಬ್ದವನ್ನು ವಾರಕ್ಕೆ 40 ಗಂಟೆ ಕೇಳಬಹುದು. ಪ್ರತಿ 3 ಡೆಸಿಬಲ್ ಹೆಚ್ಚಿದಂತೆ ಆ ಸಮಯ ಅರ್ಧವಾಗುತ್ತದೆ.

ಅಂಗಡಿಗೆ ಹೋಗುವ ಮುನ್ನ ಬರೆದುಕೊಳ್ಳಿ

1. ಮನೆಯಲ್ಲಿ ಯಾರು, ಏನು, ಎಷ್ಟು ದೊಡ್ಡ ಕೋಣೆಯಲ್ಲಿ ಕೇಳುತ್ತಾರೆ?
2. ಆರ್‌ಎಂಎಸ್ ವ್ಯಾಟ್, ಸೆನ್ಸಿಟಿವಿಟಿ, ಓಮ್ ಎಷ್ಟು?
3. ನಮಗೆ ಗೊತ್ತಿರುವ ಧ್ವನಿಮುದ್ರಣಗಳನ್ನು ಒಂದೇ ಮಟ್ಟದಲ್ಲಿ ಹೋಲಿಸಿ ಕೇಳಿದೆವೇ?
4. ಮಾತಿನ ಪ್ರತಿ ಅಕ್ಷರ ಸ್ಪಷ್ಟವಾಗಿದೆಯೇ? ಇಪ್ಪತ್ತು ನಿಮಿಷದ ನಂತರವೂ ಹಿತವಾಗಿದೆಯೇ?
5. ಬೆಲೆ, ಹೆಸರು ಗೊತ್ತಿಲ್ಲದಿದ್ದರೂ ಇದನ್ನೇ ಆರಿಸುತ್ತಿದ್ದೆವೇ?

ಐದನೆಯ ಪ್ರಶ್ನೆಗೆ ‘ಹೌದು’ ಎಂಬ ಉತ್ತರ ಬರುವವರೆಗೂ ಹಣ ಕಿಸೆಯಲ್ಲೇ ಇರಲಿ.