ಹಳೇ ಕಾರು, ಹೊಸ ಬ್ರೇಕು

ಗಂಡನದು ಹಳೇ ಅಂಬಾಸಿಡರ್ ಕಾರು. 2014ರಲ್ಲಿ ಈ ಕಾರು ತಯಾರಿಸುವುದು ನಿಂತಿತು. ಇವರ ಕಾರು ಇನ್ನೂ ಬಾಡಿಗೆಗೆ ಓಡುತ್ತದೆ.

ಒಂದು ದಿನ ಬ್ರೇಕು ಒತ್ತಿದಾಗ ಕರ್ ಕರ್ ಸದ್ದು ಬಂತು.

"ಮುಂದಿನ ತಿಂಗಳು ನೋಡೋಣ" ಅಂದ ಗಂಡ.

"ಬ್ಯಾಡ. ಕಾರಲ್ಲಿ ಮಕ್ಕಳು ಕೂರ್ತಾರೆ" ಅಂದಳು ಹೆಂಡತಿ.

ಇಬ್ಬರೂ ಮೆಕ್ಯಾನಿಕ್ ಹತ್ತಿರ ಹೋದರು. ಆತ ಚಕ್ರ ಬಿಚ್ಚಿದ. ಒಳಗೆ ಡ್ರಮ್ಮು. ಅದರೊಳಗೆ ಎರಡು ಬ್ರೇಕ್ ಶೂ. ಶೂ ಡ್ರಮ್ಮನ್ನು ಒತ್ತಿದರೆ ಚಕ್ರ ನಿಲ್ಲುತ್ತದೆ. ಶೂ ಮೇಲಿನ ಪಟ್ಟಿ ಸವೆದಿತ್ತು.

"ಒಂದೇ ಚಕ್ರಕ್ಕೆ ಹಾಕಿದರೆ ಸಾಕಾ?"

"ಸಾಲದು ತಾಯಿ. ಎಡಕ್ಕೂ ಬಲಕ್ಕೂ ಹಾಕಬೇಕು. ಇಲ್ಲಾಂದ್ರೆ ಕಾರು ಒಂದು ಕಡೆ ಎಳೆಯುತ್ತೆ. ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಹಾಕಿಸಿದರೆ ಇನ್ನೂ ಒಳ್ಳೇದು. ಅದು ಬೇಗ ತಣ್ಣಗಾಗುತ್ತೆ."

"ಅದಕ್ಕೆ ದುಡ್ಡು ಕೂಡಿಸ್ತೀವಿ. ಶೂ ಇವತ್ತೇ ಹಾಕಿ."

ಹೇಳಿ: ಎರಡೂ ಕಡೆ ಶೂ ಏಕೆ ಬದಲಿಸಬೇಕು?
ಬರೆಯಿರಿ: ಚಕ್ರ, ಡ್ರಮ್ಮು, ಬ್ರೇಕು.